ಉಸಿರನ್ನೇ ಹಿಡಿಯುವ ವಿಷಕ್ಕೆ ಲೇಬಲ್ಲಿನ ಎಚ್ಚರಿಕೆ ಸಾಲದು

ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ಹತ್ತಾರು ನ್ಯಾನೊಮೀಟರ್‌ಗಳ ಸಂದು, ಅಂದರೆ ಸಿನಾಪ್ಸ್ ಇರುತ್ತದೆ. ಹೆಚ್ಚಿನ ಕಡೆ ವಿದ್ಯುತ್ ಸಂಕೇತ ಅಲ್ಲಿಗೇ ನಿಲ್ಲುತ್ತದೆ. ಸುದ್ದಿಯನ್ನು ಆಚೆ ದಾಟಿಸುವುದು ರಾಸಾಯನಿಕ. 1921ರಲ್ಲಿ ವಿಜ್ಞಾನಿ ಓಟ್ಟೊ ಲೋವಿ ಕಪ್ಪೆಯ ಹೃದಯವೊಂದರ ನರವನ್ನು ಕೆರಳಿಸಿ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಅದರ ಬಡಿತವೂ ತಗ್ಗಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. ನಮ್ಮ ಸ್ನಾಯುಗಳನ್ನು ಬಿಗಿಸುವುದೂ ಅದೇ. ಬಿಗಿದ ಸ್ನಾಯು ಸಡಿಲವಾಗಬೇಕಾದರೆ ಈ ರಾಸಾಯನಿಕ ಮಿಲಿಸೆಕೆಂಡುಗಳಲ್ಲಿ ಒಡೆದುಹೋಗಬೇಕು; ಅದಕ್ಕೆಂದೇ ಸಂದಿನಲ್ಲಿ ಒಂದು ಕಿಣ್ವವಿದೆ.

ಮೋನೋಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಕಟ್ಟಿಹಾಕುವುದು ಈ ಕಿಣ್ವವನ್ನೇ. ಕೀಟದಲ್ಲೂ ಮನುಷ್ಯನಲ್ಲೂ ಅದರ ಕೆಲಸ ಒಂದೇ ಆದ್ದರಿಂದ ವಿಷಕ್ಕೆ ಇಬ್ಬರಲ್ಲಿ ಭೇದವಿಲ್ಲ. ಸುದ್ದಿ ಅಳಿಯದೆ ಮೊಳಗುತ್ತಲೇ ಇರುತ್ತದೆ: ಜೊಲ್ಲು ಸುರಿಯುತ್ತದೆ, ಬೆವರು ಕಿತ್ತುಬರುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಬಿಹಾರದಲ್ಲಿ 2013ರಲ್ಲಿ ಬಿಸಿಯೂಟ ಉಂಡ 23 ಮಕ್ಕಳು, ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರಲ್ಲಿ ಪ್ರಸಾದ ತಿಂದ ಭಕ್ತರು ಸತ್ತದ್ದು ಈ ಒಂದೇ ವಿಷದಿಂದ. ಒಂದು ಕಡೆ ಎಣ್ಣೆಯಲ್ಲಿ ಬೆರೆತಿತ್ತು, ಇನ್ನೊಂದು ಕಡೆ ಬೇಕೆಂದೇ ಬೆರೆಸಲಾಗಿತ್ತು. ಎರಡೂ ಕಡೆ ಡಬ್ಬಿ ಕೈಗೆಟಕುವಂತಿತ್ತು ಎಂಬುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯಕಾರಿ ಎಂದು ಗುರುತಿಸಿದ ಇಂಥ ವಿಷಗಳನ್ನು ಒಂದು ವರ್ಗವಾಗಿಯೇ ಮಾರುಕಟ್ಟೆಯಿಂದ ತೆಗೆಯಬೇಕು ಎಂಬುದು ನನ್ನ ವಾದ.

ಆರ್ಗನೊಫಾಸ್ಫೇಟ್‌ಗಳೆಲ್ಲ ಒಂದೇ ಅಲ್ಲವಲ್ಲ ಎನ್ನಬಹುದು. ನಿಜ. ಮ್ಯಾಲಥಿಯಾನನ್ನು ನಮ್ಮ ದೇಹ ಕೀಟಕ್ಕಿಂತ ಬೇಗ ನಿರ್ವಿಷಗೊಳಿಸುತ್ತದೆ. ಆದ್ದರಿಂದಲೇ ಕೇಳುತ್ತಿರುವುದು ಎಲ್ಲದರ ನಿಷೇಧವನ್ನಲ್ಲ, ಆ ರಕ್ಷಣೆಗೂ ಬಗ್ಗದವುಗಳ ನಿಷೇಧವನ್ನು. ಕೈಗವಸು, ಮುಖಗವಸು ಹಾಕಿಕೊಂಡರೆ ಸಾಲದೇ ಎಂಬ ಮಾತು ಇನ್ನೂ ದುರ್ಬಲ. ಇವು ಚರ್ಮದ ಮೂಲಕವೂ ಒಳಸೇರುತ್ತವೆ, ಬೇಸಿಗೆಯ ಬಿಸಿಲಲ್ಲಿ ಮೈತುಂಬ ರಬ್ಬರ್ ತೊಟ್ಟು ಔಷಧಿ ಹೊಡೆಯುವುದು ಆಗುವ ಕೆಲಸವಲ್ಲ. ಸೂಚನೆ ಬರೆಯುವವರು ಹೊಲಕ್ಕೆ ಇಳಿದಂತಿಲ್ಲ.

ಇಳುವರಿಯ ಆತಂಕ ಗಂಭೀರವಾದದ್ದು. ಅದಕ್ಕೆ ಶ್ರೀಲಂಕಾದಲ್ಲಿ ಉತ್ತರವಿದೆ. ಅಲ್ಲಿ 1995ರಲ್ಲಿ ಮೋನೋಕ್ರೊಟೊಫಾಸ್, 1998ರಲ್ಲಿ ಎಂಡೋಸಲ್ಫಾನ್ ಹೊರಬಿದ್ದವು. ಕೀಟನಾಶಕ ಕುಡಿದು ಸಾಯುವವರು ಬಹಳವಿದ್ದ ಆ ನಾಡಿನಲ್ಲಿ 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕಿಳಿದಿತ್ತು. ಭತ್ತದ ಇಳುವರಿ ಕುಸಿಯಲಿಲ್ಲ. ಸಾಯಬೇಕೆಂದವರು ಬೇರೆ ದಾರಿ ಹುಡುಕುತ್ತಾರೆ ಎಂಬ ವಾದವನ್ನೂ ಈ ಇಳಿಕೆ ಸುಳ್ಳಾಗಿಸಿತು, ಏಕೆಂದರೆ ತಗ್ಗಿದ್ದು ಒಟ್ಟು ಸಂಖ್ಯೆಯೇ.

ನಮ್ಮಲ್ಲಿ 2005ರಲ್ಲೇ ತರಕಾರಿಗೆ ಮೋನೋಕ್ರೊಟೊಫಾಸ್ ಬಳಸಬಾರದೆಂಬ ಆದೇಶವಾಯಿತು. ಹತ್ತಿಗೆಂದು ಮಾರಿದ ಡಬ್ಬಿ ಬದನೆಗೆ ಹೋಗದಂತೆ ಕಾಯುವವರು ಯಾರು? ಅದರ ಶೇ 36ರ ದ್ರಾವಣಕ್ಕೆ ನಿಷೇಧ ಬಂದದ್ದು 2023ರಲ್ಲಿ. ಒಂದೊಂದು ವಿಷಕ್ಕೂ ಇಷ್ಟು ವರ್ಷ ಹಿಡಿದರೆ ಪಟ್ಟಿ ಮುಗಿಯುವುದಿಲ್ಲ. 1968ರ ಕೀಟನಾಶಕ ಕಾಯ್ದೆ ರಾಜ್ಯಗಳಿಗೆ ತಾತ್ಕಾಲಿಕ ನಿಷೇಧದ ಅಧಿಕಾರವನ್ನಷ್ಟೇ ಕೊಟ್ಟಿದೆ. ಕಾಯಂ ನಿಷೇಧದ ಅಧಿಕಾರವನ್ನೂ ರಾಜ್ಯಗಳಿಗೆ ಕೊಡುವಂತೆ ಕಾಯ್ದೆ ತಿದ್ದಬೇಕೆಂದು ಕರ್ನಾಟಕ ಕೇಂದ್ರವನ್ನು ಒತ್ತಾಯಿಸಬೇಕು.