ಕಾರಿನ ವಯಸ್ಸು ಕೇಳುವ ಮುನ್ನ ಹೆಡ್ಡಿನ ಅಳತೆ ನೋಡಿ

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು ಮೊದಲು 600 ರೂಪಾಯಿ ಸಾಕಿತ್ತು. 2022ರ ಏಪ್ರಿಲ್‌ನಿಂದ ಅದು 5,000 ರೂಪಾಯಿ ಆಯಿತು. ಶುಲ್ಕ ಏರಿದ್ದಕ್ಕೆ ನನ್ನ ತಕರಾರಿಲ್ಲ. ಹಳೆಯ ಗಾಡಿಯನ್ನು ರಸ್ತೆಗೆ ಬಿಡುವ ಮುನ್ನ ಸರ್ಕಾರವೂ ಮಾಲೀಕನೂ ಒಮ್ಮೆ ಯೋಚಿಸುವುದು ಒಳ್ಳೆಯದೇ. ಆದರೆ ಈ ಇಡೀ ವ್ಯವಹಾರದಲ್ಲಿ ಎಲ್ಲರೂ ಕೇಳುವುದು ಕಾರಿನ ವಯಸ್ಸನ್ನು. ಎಂಜಿನ್ ಬಿಚ್ಚಿ ಕಟ್ಟಿದವರು ಯಾರು, ಯಾವ ಅಳತೆಗೆ ಕಟ್ಟಿದರು ಎಂದು ಬರೆಯಲು ಯಾವ ಅರ್ಜಿಯಲ್ಲೂ ಒಂದು ಸಾಲಿನ ಜಾಗವಿಲ್ಲ. ಅದು ಇರಬೇಕು ಎಂದು ಕೇಳುವುದಕ್ಕೇ ಈ ಲೇಖನ.

ನಾನು ಬೆಂಗಳೂರಿನ ಹಲಸೂರಿನಲ್ಲಿ ಹಳೆಯ ಕಾರುಗಳ ಎಂಜಿನ್ ಕೆಲಸ ಮಾಡುತ್ತೇನೆ. ಕೆಲಸ ಕಲಿತದ್ದು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್‌ ಆಚೆಯ ಒಂದು ಗಲ್ಲಿಯ ಉಸ್ತಾದರ ಕೈಕೆಳಗೆ. ಬರುವ ಗಾಡಿಗಳಲ್ಲಿ ಪದ್ಮಿನಿ, ಅಂಬಾಸಿಡರ್‌ಗಳೇ ಹೆಚ್ಚು. ಆಗೊಮ್ಮೆ ಈಗೊಮ್ಮೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಎಂಜಿನ್ ಕೆಲಸ ಎಂದರೆ ಜನರ ಕಣ್ಣಿಗೆ ಬೀಳುವುದು ರೀಬೋರ್, ಹೊಸ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್. ಅವೆಲ್ಲ ಸರಿಯಾಗಿದ್ದೂ ಎಂಜಿನ್ ಕೆಡಬಹುದು. ಕಟ್ಟಿದ ಎಂಜಿನ್ ಉಳಿಯುತ್ತದೋ ಇಲ್ಲವೋ ಎಂಬುದು ಕೊನೆಗೆ ತೀರ್ಮಾನವಾಗುವುದು ಸಿಲಿಂಡರುಗಳನ್ನು ಮೇಲಿಂದ ಮುಚ್ಚುವ ಹೆಡ್ ಕೂರಿಸುವಾಗ.

ಪದ್ಮಿನಿಯ 1089 ಸಿಸಿ ಎಂಜಿನ್ನಿನಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಗೆ 70 ಡಿಗ್ರಿ ಬಿಸಿ ಏರಿದರೆ ಅದು ಸುಮಾರು 0.8 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಎರಕದ ಕಬ್ಬಿಣ ಬೆಳೆಯುವುದು 0.4 ಮಿಲಿಮೀಟರ್. ಗಾಡಿ ಸ್ಟಾರ್ಟ್ ಆಗಿ ಬಿಸಿಯಾದಾಗಲೆಲ್ಲ, ನಿಂತು ತಣ್ಣಗಾದಾಗಲೆಲ್ಲ ಎರಡು ಲೋಹಗಳ ಈ ಎಳೆದಾಟವನ್ನು ನಡುವಿನ ಗ್ಯಾಸ್ಕೆಟ್ ತಾಳಿಕೊಳ್ಳಬೇಕು. ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ನಿಂತುಬಿಟ್ಟಾಗ ಎಂಜಿನ್ನಿನ ಓಟಕ್ಕೆ ಕಟ್ಟುಬಿದ್ದ ಫ್ಯಾನು ನಿಧಾನವಾಗಿ ತಿರುಗುತ್ತದೆ, ರೇಡಿಯೇಟರಿಗೆ ಗಾಳಿ ಸಾಲದು. ಹೆಡ್ ಬಾಗುವುದು ಇಂಥ ಹೊತ್ತಿನಲ್ಲೇ.

ಇದಕ್ಕೆ ನಮ್ಮ ನೀರೂ ಸೇರಿಕೊಳ್ಳುತ್ತದೆ. ಕೆ.ಆರ್. ಪುರ, ಮಹದೇವಪುರದ ಕಡೆ ಕಾವೇರಿ ತಡವಾಗಿ ಬಂತು. ಬಹಳ ವರ್ಷ ಜನ ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿ ಬದುಕಿದರು. ಆ ಗಡಸು ನೀರನ್ನೇ ರೇಡಿಯೇಟರಿಗೂ ಸುರಿದರು. ಒಳಗೆ ಸುಣ್ಣ ಕಟ್ಟಿ ದಾರಿ ಕಿರಿದಾಯಿತು, ಅಲ್ಯೂಮಿನಿಯಂ ಹೆಡ್ಡಿನ ನೀರಿನ ತೂತುಗಳ ಅಂಚು ಕೊರೆದುಹೋಯಿತು. ಅಲ್ಲಿಂದ ಬಂದ ಹೆಡ್ಡನ್ನು ತಿರುಗಿಸಿ ನೋಡಿದರೆ ಸಾಕು, ಗಾಡಿ ಯಾವ ನೀರು ಕುಡಿದು ಬೆಳೆದಿದೆ ಎಂದು ನನಗೆ ಗೊತ್ತಾಗುತ್ತದೆ.

ಇಂಥ ಹೆಡ್ ಕೂರಿಸುವ ಕ್ರಮ ಹೀಗೆ. ಮೊದಲು ಒಳದಾರಿಗಳನ್ನು ಮುಚ್ಚಿ, ಗಾಳಿ ಹಾಕಿ, ಬಿಸಿನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಎದ್ದರೆ ಬಿರುಕಿದೆ ಎಂದರ್ಥ. ಆಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗಳಿಂದ ಓರೆಯಾಗಿ ಫೀಲರ್ ಗೇಜ್ ತೂರಿಸಿ ನೋಡಬೇಕು. 0.05 ಮಿಲಿಮೀಟರ್ ಎಲೆ ಎಲ್ಲಾದರೂ ಸಲೀಸಾಗಿ ನುಗ್ಗಿದರೆ ಹೆಡ್ಡನ್ನು ಮೇಲ್ಮೈ ಸಮ ಮಾಡುವ ಫೇಸಿಂಗಿಗೆ ಕಳಿಸುತ್ತೇನೆ. ಅಲ್ಲೂ ಬೇಕಾದಷ್ಟೇ ತೆಗೆಯಬೇಕು. ಜಾಸ್ತಿ ಕೊರೆದರೆ ಕಂಪ್ರೆಷನ್ ಏರಿ ಎಂಜಿನ್ ನಾಕ್ ಹೊಡೆಯುತ್ತದೆ.

ಬ್ಲಾಕಿನ ಮೇಲ್ಮೈಯನ್ನೂ ಹೀಗೆಯೇ ಅಳೆಯಬೇಕು. ಅಲ್ಲಿ ಎಮರಿ ಕಾಗದ ಉಜ್ಜುವುದನ್ನು ಉಸ್ತಾದರು ಒಪ್ಪುತ್ತಿರಲಿಲ್ಲ. ಆ ಪುಡಿ ಬೋರಿಗೆ ಇಳಿದು ಹೊಸ ರಿಂಗುಗಳನ್ನೇ ತಿನ್ನುತ್ತದೆ. ಸ್ಟಡ್ ತೂತುಗಳಿಗೆ ಟ್ಯಾಪ್ ಹಾಕಿ ಥ್ರೆಡ್ ಸ್ವಚ್ಛಗೊಳಿಸಿ, ಒಳಗೆ ಆಯಿಲ್ಲಾಗಲಿ ನೀರಾಗಲಿ ಉಳಿಯದಂತೆ ಗಾಳಿ ಹೊಡೆಯಬೇಕು. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದು ಮೇಲಿಂದ ಬಿಗಿದರೆ, ಒತ್ತಡಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ಬಿಗಿಯುವಾಗ ರೊಟ್ಟಿ ತಟ್ಟುವಂತೆ ನಡುವಿನಿಂದ ಅಂಚಿಗೆ ಸಾಗಬೇಕು. ಟಾರ್ಕ್ ರೆಂಚ್ ಹಿಡಿದು ಮೂರು ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಏರಿಸುತ್ತಾ. ಒಮ್ಮೆ ಎಂಜಿನ್ ಬಿಸಿ ಮಾಡಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಬಿಗಿ ನೋಡಿ, ಟ್ಯಾಪೆಟ್ ಮತ್ತೆ ಇಡಬೇಕು. ಈ ಹಳೆಯ ಎಂಜಿನ್ನುಗಳಿಗೆ ಒಂದಷ್ಟು ಓಡಿದ ಮೇಲೆ ಇನ್ನೊಮ್ಮೆಯೂ ಅದೇ ಕೆಲಸ.

ಕಾಯುವುದೇ ಇಲ್ಲಿ ಅರ್ಧ ಕೆಲಸ. "ಅಣ್ಣ, ಸಾಯಂಕಾಲ ಗಾಡಿ ಸಿಗುತ್ತಾ?" ಎಂದು ಕೇಳುವ ಗಿರಾಕಿಗೆ ನಾನು ಹೇಳುವುದು ಇಷ್ಟೇ: "ಸಾರ್, ತಣ್ಣಗಾಗಲಿ, ನಾಳೆ ಬನ್ನಿ." ಆ ಒಂದು ರಾತ್ರಿಗೆ ಬಿಲ್ಲಿನಲ್ಲಿ ಬೆಲೆಯಿಲ್ಲ. ಅಳೆಯದೆ, ಕಾಯದೆ, ಕೈಯಂದಾಜಿಗೆ ಬಿಗಿದವನ ಬಿಲ್ಲೂ ನನ್ನ ಬಿಲ್ಲೂ ಮಾಲೀಕನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಸರಿಯಾಗಿ ಕೆಲಸ ಮಾಡುವವರು ಸೋಲುತ್ತಿರುವುದು ಇಲ್ಲಿಯೇ.

ಕಾನೂನಿನ ಕಡೆಗೆ ಬರೋಣ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿದ ವಾಹನಕ್ಕೆ 'ವಿಎ' ಅಕ್ಷರಗಳ ಪ್ರತ್ಯೇಕ ನೋಂದಣಿ, ಅದಕ್ಕೆ 20,000 ರೂಪಾಯಿ ಶುಲ್ಕ. ಪರಂಪರೆಗೆ ಬೆಲೆ ಕೊಟ್ಟ ಒಳ್ಳೆಯ ಹೆಜ್ಜೆ ಅದು. ಆದರೆ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಸೇರಿದಂತೆ ದೊಡ್ಡ ಬದಲಾವಣೆ ಆಗಿರಬಾರದು ಎಂಬ ಷರತ್ತೂ ಅದರಲ್ಲಿದೆ. ಉದಾಹರಣೆಗೆ, ಹಳೆಯ ಅಂಬಾಸಿಡರ್ ಹೆಡ್ ಎರಕದ ಕಬ್ಬಿಣದ್ದು. ವಾಲ್ವ್ ಕೂರುವ ಸೀಟನ್ನು ಆ ಕಬ್ಬಿಣದಲ್ಲೇ ಕಡೆದಿರುತ್ತಾರೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಆ ಸೀಟಿಗೆ ರಕ್ಷೆಯಾಗಿತ್ತು. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಮಕ್ಕಳ ಆರೋಗ್ಯಕ್ಕೆ ಅದು ಆಗಲೇಬೇಕಿತ್ತು. ಆದರೆ ರಕ್ಷೆ ಹೋದ ಮೇಲೆ ಸೀಟು ಸವೆಯುತ್ತದೆ. ಅದಕ್ಕೇ ಗಟ್ಟಿ ಉಕ್ಕಿನ ಸೀಟನ್ನು ಹೆಡ್ಡಿಗೆ ಒತ್ತಿ ಕೂರಿಸುತ್ತೇವೆ. ಇದು ಮಾರ್ಪಾಡೋ, ದುರಸ್ತಿಯೋ? ಉತ್ತರ ಪ್ರತಿ ಅಧಿಕಾರಿಯ ಮರ್ಜಿಗೆ ಬಿಟ್ಟರೆ ಮಾಲೀಕ ಹೆದರಿ ಸುಮ್ಮನಾಗುತ್ತಾನೆ, ಗಾಡಿ ಶೆಡ್ಡಿನಲ್ಲೇ ತುಕ್ಕು ಹಿಡಿಯುತ್ತದೆ. ಇನ್ನು 1989ರ ಪದ್ಮಿನಿಗಂತೂ ಈ ನಿಯಮದ ಆಸರೆಯೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದು ಅಳತೆ ಪತ್ರ. ಎಂಜಿನ್ ಕಟ್ಟಿದ ವರ್ಕ್‌ಶಾಪ್ ಅದನ್ನು ಬರೆದು ಸಹಿ ಹಾಕಲಿ: ಬೋರಿನ ಅಳತೆ, ಹೆಡ್ ಮತ್ತು ಬ್ಲಾಕಿನ ಸಮತಟ್ಟು, ಫೇಸಿಂಗಿನಲ್ಲಿ ಎಷ್ಟು ತೆಗೆದರು, ಸೀಟು ಬದಲಾಗಿದೆಯೇ, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಎಷ್ಟು, ಹೊಗೆ ಪರೀಕ್ಷೆಯ ಫಲಿತಾಂಶವೇನು. ಕಸ್ತೂರಿನಗರದಲ್ಲಾಗಲಿ ಕೆ.ಆರ್. ಪುರದಲ್ಲಾಗಲಿ ಆರ್‌ಟಿಒ ಅದನ್ನು ನೋಂದಣಿಯ ಕಡತಕ್ಕೆ ಸೇರಿಸಿಕೊಳ್ಳಲಿ. ಮೂಲ ಅಳತೆಗೆ ಮರಳಿಸಿದ ಕೆಲಸ ದುರಸ್ತಿಯೇ ಹೊರತು ಮಾರ್ಪಾಡಲ್ಲ ಎಂದು ನಿಯಮದಲ್ಲೇ ಸ್ಪಷ್ಟಪಡಿಸಲಿ.

ಪತ್ರಕ್ಕೆ ಸಹಿ ಹಾಕುವ ಅರ್ಹತೆ ಯಾರದು? ಎಚ್‌ಎಎಲ್ 1940ರಲ್ಲಿ, ದೂರವಾಣಿನಗರದ ಐಟಿಐ ಕಾರ್ಖಾನೆ 1948ರಲ್ಲಿ, ಬಿಇಎಂಎಲ್ 1964ರಲ್ಲಿ ಬಂದವು. ಹಲಸೂರಿನಲ್ಲಿ ಸೇನೆಯ 515 ಬೇಸ್ ವರ್ಕ್‌ಶಾಪ್ ಇದೆ. ಕೂದಲೆಳೆ ಅಳತೆಗೆ ಲೋಹ ಕಡೆಯುವ ವಿದ್ಯೆ ಊರಿನ ಈ ಪೂರ್ವ ಭಾಗಕ್ಕೆ ಹೊಸದಲ್ಲ. ಆದರೆ ಗಲ್ಲಿಯ ಲೇತಿನ ಮುಂದೆ ನಿಂತು ಕಲಿತವರ ಬಳಿ ಪ್ರಮಾಣಪತ್ರವಿಲ್ಲ. ಕೆಲಸದಲ್ಲೇ ಕಲಿತವರನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಈಗಾಗಲೇ ಇದೆ. ಅದನ್ನು ಶಿವಾಜಿನಗರದ ಎಂಜಿನ್ ಮೇಸ್ತ್ರಿಗಳ ಬಾಗಿಲಿಗೆ ತನ್ನಿ. ಓದಲು ಬಾರದ ಉಸ್ತಾದರಿಗೆ ಪ್ರಶ್ನೆಪತ್ರಿಕೆ ಬೇಡ. ಒಂದು ಬಾಗಿದ ಹೆಡ್ ಮತ್ತು ಫೀಲರ್ ಗೇಜ್ ಕೊಟ್ಟು ನೋಡಿ.

ಆಕ್ಷೇಪಗಳನ್ನೂ ಬಲ್ಲೆ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಎಂಜಿನ್ ಬಿಎಸ್–6 ಕಾರಿನಷ್ಟು ಶುದ್ಧವಾಗಲಾರದು. ಅದನ್ನು ದಿನವೂ ಆಫೀಸಿಗೆ ಓಡಿಸಿ ಎಂದು ನಾನೆಂದೂ ಹೇಳುವುದಿಲ್ಲ. ಇನ್ನು ನಮ್ಮ ವರ್ಕ್‌ಶಾಪ್ ಗಲ್ಲಿಗಳಲ್ಲಿ ಗುಜರಿ ಗಾಡಿಗಳು ರಸ್ತೆ ಕಟ್ಟಿದರೆ, ಆಯಿಲ್ ಚರಂಡಿಗೆ ಹರಿದರೆ ಅಲ್ಲಿನ ಮನೆಯವರ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಪರಿಹಾರ, ಲೇತು ಮತ್ತು ಬಿಡಿಭಾಗದ ಅಂಗಡಿಗಳಿಗೆ ನಗರದೊಳಗೇ ಚರಂಡಿ, ಆಯಿಲ್ ಸಂಗ್ರಹ, ಲೆಕ್ಕಪುಸ್ತಕ ಇರುವ ಒಂದು ಕಟ್ಟಡ. ಎಲ್ಲರನ್ನೂ ಊರಾಚೆಗೆ ಚದುರಿಸಿದರೆ ಹೆಡ್ ಫೇಸಿಂಗ್ ಒಂದು ಮೂಲೆಯಲ್ಲಿ, ಸೀಟು ಕಡೆಯುವವರು ಇನ್ನೊಂದು ಮೂಲೆಯಲ್ಲಿ ಆಗಿ ಈ ಕಸುಬೇ ಕೈತಪ್ಪುತ್ತದೆ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳ ಓಟ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಈ ಎಂಜಿನ್ನುಗಳನ್ನು ಬಲ್ಲ ಕೈಗಳಿಗೂ ವಯಸ್ಸಾಗುತ್ತಿದೆ. ಸಾರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಕೌಶಲಾಭಿವೃದ್ಧಿ ಇಲಾಖೆ ಒಂದು ಪರೀಕ್ಷಾ ಕೇಂದ್ರ ತೆರೆದರೆ ಅಳತೆ ಪತ್ರ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಮಾಲೀಕರು ಒಂದು ಕೆಲಸ ಮಾಡಬಹುದು: ಗಾಡಿ ಬಿಡಿಸಿಕೊಳ್ಳುವಾಗ ಬಿಲ್ಲಿನ ಜೊತೆ ಅಳತೆಗಳನ್ನೂ ಬರೆಸಿಕೊಳ್ಳಿ, ಬರೆದುಕೊಡುವವನಿಗೆ ಎಂಜಿನ್ ತಣ್ಣಗಾಗಲು ಕಾದ ಆ ಒಂದು ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.