ಬಾನೆಟ್ಟಿನಡಿಯ ಸ್ಪಂಜು

ಕಾರಿನ ಬಾನೆಟ್ ಎತ್ತಿ ನೋಡಿದ್ದೀರಾ? ಕೆಲವು ಕಾರುಗಳಲ್ಲಿ ಅದರ ಒಳಮೈಗೆ ಸ್ಪಂಜಿನಂಥ ಕಪ್ಪು ಹಾಸು ಅಂಟಿಸಿರುತ್ತಾರೆ. ಎಂಜಿನ್ನಿನ ಸದ್ದು ಹೀರುವುದು, ಬಾನೆಟ್ಟಿನ ಬಣ್ಣಕ್ಕೆ ಶಾಖ ತಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. 1982ರಿಂದ 1991ರವರೆಗೆ ಜರ್ಮನಿಯಲ್ಲಿ ತಯಾರಾದ ಪೋರ್ಶೆ 944 ಸ್ಪೋರ್ಟ್ಸ್ ಕಾರನ್ನು ಇಂದಿಗೂ ಜೋಪಾನ ಮಾಡಿಕೊಂಡವರಿಗೆ ಈ ಹಾಸಿನದೇ ತಲೆನೋವು. ವರ್ಷಗಟ್ಟಲೆ ಬಿಸಿ, ತೇವಾಂಶ ತಿಂದ ಪಾಲಿಯುರೆಥೇನ್, ಮುಟ್ಟಿದರೆ ಹಳೆಯ ರಸ್ಕಿನಂತೆ ಪುಡಿಯಾಗಿ ಎಂಜಿನ್ ಮೇಲೆ ಉದುರುತ್ತದೆ.

ಅದರ ಮೇಲೆ ದಪ್ಪಗೆ ಬಣ್ಣ ಬಳಿದುಬಿಟ್ಟರೆ? ನೋಟಕ್ಕೇನೋ ಹೊಸದು. ಆದರೆ ಸದ್ದು ಅಡಗುವುದು ಸ್ಪಂಜಿನ ರಂಧ್ರಗಳಲ್ಲಿ. ಅಲ್ಲಿ ಗಾಳಿ ಕಂಪಿಸುತ್ತಾ ಗೋಡೆಗಳಿಗೆ ಉಜ್ಜಿ, ಶಬ್ದದ ಶಕ್ತಿ ಅತ್ಯಲ್ಪ ಶಾಖವಾಗುತ್ತದೆ. ರಂಧ್ರದ ಬಾಯಿಯನ್ನೇ ಮುಚ್ಚಿದರೆ ಸದ್ದು ಒಳಹೋಗುವುದೆಲ್ಲಿಂದ?

ಆದ್ದರಿಂದ ಹೊಸ ಹಾಸನ್ನೇ ಅಂಟಿಸಬೇಕು. ಎಂಜಿನ್ ಪೂರ್ತಿ ಆರಿರಲಿ, ಬಾನೆಟ್ಟಿಗೆ ಭದ್ರ ಆಸರೆಯಿರಲಿ. ಎಂಜಿನ್ನಿಗೆ ಹಳೇ ಬೆಡ್‌ಶೀಟ್ ಹೊದಿಸಿ, ಮೂಗು-ಬಾಯಿಗೆ ಮಾಸ್ಕ್ ಕಟ್ಟಿ, ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಲೋಹದ್ದಾದರೆ ಬಣ್ಣ ಗೀಚುತ್ತದೆ. ಶಾಖ ತಾಳುವ ಅಂಟನ್ನು ಎರಡೂ ಕಡೆ ಸವರಿ, ಕೈಗೆ ಹತ್ತದಷ್ಟು ಆರಿದ ಮೇಲೆ ಮಧ್ಯದಿಂದ ಅಂಚಿನತ್ತ ಒತ್ತುತ್ತಾ ಹೋಗಿ. ಇಂಥ ಅಂಟಿನ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಬಯಲಲ್ಲೇ ಮಾಡಿ, ಮಕ್ಕಳು ದೂರ ನಿಂತು ನೋಡಲಿ. ಅಂಟು ಪೂರ್ತಿ ಒಣಗುವವರೆಗೆ ಎಂಜಿನ್ ಚಾಲೂ ಮಾಡುವ ಆಸೆಯನ್ನು ಅಪ್ಪಂದಿರು ತಡೆದುಕೊಳ್ಳಬೇಕು.