ಶಬ್ದಗಳ ಗೋದಾಮು

ಅಮೆರಿಕದಲ್ಲಿ ಓದಲು ಜಿಆರ್‌ಇ ಬರೆಯುವ ನಮ್ಮ ಮಕ್ಕಳಿಗೆ ಕೋಚಿಂಗಿನವರು ಮೊದಲು ಕೊಡುವುದು ಸಾವಿರಾರು ಇಂಗ್ಲಿಷ್ ಶಬ್ದಗಳ ಪಟ್ಟಿ. ಒಂದು ಶಬ್ದ, ಒಂದು ಅರ್ಥ, ಬಾಯಿಪಾಠ ಮಾಡಿ! ಇದು ಕಲಿಕೆಯಲ್ಲ, ಗೋದಾಮು ತುಂಬಿಸುವ ಕೆಲಸ.

ಬಿಡಿ ಶಬ್ದ ಕೇಳುವುದನ್ನು ಪರೀಕ್ಷೆ ನಡೆಸುವವರೇ ಬಿಟ್ಟಿದ್ದಾರೆ. 2011ರಲ್ಲಿ ಜಿಆರ್‌ಇ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟಿತು. ಬಿಟ್ಟ ಸ್ಥಳ ತುಂಬುವುದನ್ನು ಉಳಿಸಿಕೊಂಡಿತು. ಅಲ್ಲಿ ಸುಳಿವು ಇರುವುದು ವಾಕ್ಯದೊಳಗೇ. 'ಆದರೂ', 'ಆದ್ದರಿಂದ' ಎಂಬಂಥ ಸಣ್ಣ ಪದಗಳೇ ದಾರಿ ತೋರುತ್ತವೆ. ಪಟ್ಟಿಯಲ್ಲಿ 'ಟೆಂಪರ್' ಎಂದರೆ ಸಿಟ್ಟು. 'ಮೆಚ್ಚುಗೆಯ ಮಾತಿನಿಂದ ಟೀಕೆಯನ್ನು ಟೆಂಪರ್ ಮಾಡಿದರು' ಎಂದರೆ? ಮೃದುಗೊಳಿಸಿದರು!

ನಮಗಿದು ಹೊಸದೇ? ಅರಬಿಯಲ್ಲಿ 'ತಕ್ರಾರ್' ಎಂದರೆ ಪುನರಾವರ್ತನೆ. ಉರ್ದುವಿನಲ್ಲಿ ಅದು ವಾಗ್ವಾದವೂ ಆಯಿತು. ಕನ್ನಡದಲ್ಲಿ ತಕರಾರು ಎಂದರೆ ಆಕ್ಷೇಪ. ಇದನ್ನು ಕನ್ನಡಿಗ ಪಟ್ಟಿಯಿಂದ ಕಲಿಯಲಿಲ್ಲ. ಸಂತೆ, ಕಚೇರಿಗಳ ಮಾತಿನಿಂದ ಪಡೆದ.

'ಅಷ್ಟೆಲ್ಲ ಸಮಯವೆಲ್ಲಿ?' ಎನ್ನುತ್ತಾರೆ ಕೋಚಿಂಗಿನವರು. ಪಟ್ಟಿ ಉರುಹೊಡೆದು ಮರೆಯಲು ಸಮಯವಿದೆಯೇ? ಉರ್ದು, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಅದರೆದುರು ತಾವೇ ದಡ್ಡರೆಂದು ಕುಗ್ಗುತ್ತಾರೆ. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಆಡಿ ಬೆಳೆದವರಿಗೆ ಸಂದರ್ಭದಿಂದ ಅರ್ಥ ಹಿಡಿಯುವ ವಿದ್ಯೆ ಆಗಲೇ ಗೊತ್ತು. ಅವರಿಗೆ ದಿನಕ್ಕೊಂದು ಒಳ್ಳೆಯ ಇಂಗ್ಲಿಷ್ ಲೇಖನ ಕೊಡಿ. ಹೊಸ ಶಬ್ದವನ್ನು ಅದರ ವಾಕ್ಯದೊಂದಿಗೇ ಬರೆದಿಟ್ಟುಕೊಳ್ಳಲಿ.